ಎರವಲು ನೀರಿನ ಮೇಲೆ ಹಾಯಿ

ನೀರಿನ ಮೇಲೆ ಸಾಗುವ ಸಾಧನಗಳಿಗೆ ಎರಡು ಬಗೆಯ ನಡೆಗಳಿವೆ. ಮೊದಲನೆಯದರಲ್ಲಿ ದೋಣಿಯು ತನ್ನ ತೂಕಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ಸರಿಸಿ, ಹಾಗೆ ಉಂಟಾದ ತಗ್ಗಿನಲ್ಲಿ ಅರೆಮುಳುಗಿಕೊಂಡೇ ಮುಂದುವರಿಯುತ್ತದೆ. ಎರಡನೆಯದರಲ್ಲಿ ವೇಗವು ಒಂದು ಮಿತಿಯನ್ನು ದಾಟಿದೊಡನೆ ತಳಕ್ಕೆ ಬಂದು ಬಡಿಯುವ ನೀರೇ ದೋಣಿಯನ್ನು ಮೇಲಕ್ಕೆತ್ತುವುದರಿಂದ, ಅದು ನೀರನ್ನು ಸೀಳುವುದನ್ನು ಬಿಟ್ಟು ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಈ ಎರಡನೆಯ ನಡೆಯನ್ನು ಹಾಯಿ ಬಲ್ಲವರು ಪ್ಲೇನಿಂಗ್ ಎನ್ನುತ್ತಾರೆ. ಹಾಯಿ ಜೋಡಿಸಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದಲೇ ಸಾಗುವ ವಿಂಡ್‌ಸರ್ಫಿಂಗ್‌ನಲ್ಲಿ, ಬೀಳದೆ ನಿಲ್ಲುವುದನ್ನು ಕಲಿತವರೆಲ್ಲ ಎದುರಿಸಬೇಕಾದ ಮುಂದಿನ ಕಷ್ಟದ ಹಂತವೆಂದರೆ ಇದು. ಎರಡೂ ಕಡಲುಗಳಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ದೊಡ್ಡ ನದಿಯೊಂದೂ ಹರಿಯದ ಪ್ರಸ್ಥಭೂಮಿಯಲ್ಲಿರುವ ಬೆಂಗಳೂರಿಗೂ ಈ ವಿದ್ಯೆಗೂ ಸಂಬಂಧವಿರಲಾರದೆಂದು ಮೇಲುನೋಟಕ್ಕೆ ತೋರಬಹುದು; ಆದರೆ ಸಂಬಂಧವಿದೆ, ಮತ್ತು ಅದು ಕೆರೆ ಕಟ್ಟೆಗಳ ಚರಿತ್ರೆಯೊಂದಿಗೆ ಬಿಡಿಸಲಾಗದಂತೆ ಹೆಣೆದುಕೊಂಡಿದೆ. ಕನ್ನಡನಾಡಿನ ಒಳಭಾಗದಲ್ಲಿ ಹಾಯಿಗೆ ದೊರೆತ ನೀರೆಲ್ಲವೂ ಕುಡಿಯಲು, ಬೆಳೆ ಬೆಳೆಯಲು, ವಿದ್ಯುತ್ತು ಪಡೆಯಲು ಕಟ್ಟಿ ನಿಲ್ಲಿಸಿದ ನೀರು. ಹಾಯಿ ಅದನ್ನು ಎರವಲು ಪಡೆಯಿತು. ಮೂಲ ಉದ್ದೇಶ ತಪ್ಪಿದಲ್ಲಿ ಎರವಲೂ ತಪ್ಪಿತು.

ಮೊದಲ ನಡೆಗೆ ವೇಗದ ಮಿತಿಯೊಂದಿದೆಯೆಂಬುದನ್ನು ಅಳತೆಗೆ ತಂದವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ (1810–1879). ಟಾರ್ಕೀ ಪಟ್ಟಣದ ತಮ್ಮ ಮನೆಯ ಬಳಿ 1870ರ ದಶಕದ ಮೊದಲಲ್ಲಿ ನಿರ್ಮಿಸಿದ ಉದ್ದನೆಯ ನೀರಿನ ತೊಟ್ಟಿಯಲ್ಲಿ ಹಡಗುಗಳ ಸಣ್ಣ ಮಾದರಿಗಳನ್ನು ಎಳೆದು ನೋಡಿದ ಅವರು, ವೇಗ ಹೆಚ್ಚಿದಂತೆ ಹಡಗಿಗೆ ಎದುರಾಗುವ ತಡೆಯಲ್ಲಿ ದೊಡ್ಡ ಪಾಲು ಅದೇ ಎಬ್ಬಿಸುವ ಅಲೆಯದೆಂದು ತೋರಿಸಿದರು. ದೋಣಿಯ ವೇಗ ಏರಿದಷ್ಟೂ ಅದು ಎಬ್ಬಿಸುವ ಅಲೆ ಉದ್ದವಾಗುತ್ತ ಹೋಗುತ್ತದೆ; ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ಮೂತಿಯ ಕೆಳಗೊಂದು ಏರು, ಹಿಂಬದಿಯ ಕೆಳಗೊಂದು ಏರು ನಿಂತು, ಅದಕ್ಕಿಂತ ವೇಗ ಬೇಕೆಂದರೆ ದೋಣಿ ತನ್ನದೇ ಅಲೆಯನ್ನು ಹತ್ತಬೇಕಾಗುತ್ತದೆ. ನೀರಿಗೆ ತಾಗಿದ ಭಾಗದ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಈ ಮಿತಿ ನಾಟ್‌ಗಳಲ್ಲಿ ಸಿಗುತ್ತದೆಂಬುದು ದೋಣಿ ಕಟ್ಟುವವರು ಇಂದಿಗೂ ಬಳಸುವ ಸ್ಥೂಲ ಸೂತ್ರ. ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. 12 ಅಡಿಯ ಹಲಗೆಯೊಂದಕ್ಕೆ ಇದನ್ನು ಅನ್ವಯಿಸಿದರೆ ಬರುವ ಉತ್ತರ 4.6 ನಾಟ್, ಅಂದರೆ ಗಂಟೆಗೆ ಎಂಟೂವರೆ ಕಿಲೋಮೀಟರಿನಷ್ಟು. ಉದ್ದವಾದ ಹಡಗು ಸಹಜವಾಗಿಯೇ ವೇಗದ್ದು, ಚಿಕ್ಕ ದೋಣಿ ಸಹಜವಾಗಿಯೇ ನಿಧಾನದ್ದು ಎಂಬ ಕಟ್ಟಳೆ ಇದರಿಂದ ಹುಟ್ಟಿತು.

ಚಿಕ್ಕದು ಈ ಕಟ್ಟಳೆಯನ್ನು ಮೀರಬಲ್ಲದೆಂದು ಹಾಯಿದೋಣಿಗಳ ಲೋಕಕ್ಕೆ ಮನವರಿಕೆ ಮಾಡಿಕೊಟ್ಟವರು ಇಂಗ್ಲೆಂಡಿನ ವೈಟ್ ದ್ವೀಪದ ಉಫಾ ಫಾಕ್ಸ್. ಅವರು 1928ರಲ್ಲಿ ಕಟ್ಟಿದ ‘ಅವೆಂಜರ್’ ಎಂಬ 14 ಅಡಿಯ ದೋಣಿಯ ತಳ ಮುಂದೆ ಚೂಪಾಗಿಯೂ ಹಿಂದೆ ಚಪ್ಪಟೆಯಾಗಿಯೂ ಇದ್ದು, ಬಲವಾದ ಗಾಳಿಯಲ್ಲಿ ಅದು ತನ್ನ ಅಲೆಯ ಮೇಲೇರಿ ಜಾರುತ್ತಿತ್ತು. ಆ ಋತುವಿನಲ್ಲಿ ಅದು ಭಾಗವಹಿಸಿದ 57 ಪಂದ್ಯಗಳಲ್ಲಿ 52ರಲ್ಲಿ ಮೊದಲ ಸ್ಥಾನ ಪಡೆಯಿತು. ತಳದ ಆಕಾರದಷ್ಟೇ ಮುಖ್ಯವಾದದ್ದು ತೂಕ. ಹಗುರವಾದ, ಹಿಂಬದಿ ಚಪ್ಪಟೆಯಾದ, ತೂಕಕ್ಕೆ ಹೋಲಿಸಿದರೆ ದೊಡ್ಡ ಹಾಯಿಯುಳ್ಳ ದೋಣಿಯೇ ಮೇಲೇರಬಲ್ಲದು ಎಂಬ ಫಾಕ್ಸ್‌ರ ಅರಿವನ್ನು ಅದರ ಕೊನೆಯ ತುದಿಗೆ ಒಯ್ದದ್ದು ವಿಂಡ್‌ಸರ್ಫಿಂಗ್ ಹಲಗೆ. ಅಲ್ಲಿ ದೋಣಿಯೆಂಬುದು ಉಳಿಯಲೇ ಇಲ್ಲ, ತಳವೊಂದೇ ಉಳಿಯಿತು.

ಆ ಹಲಗೆಯ ಜನ್ಮಕ್ಕೆ ಹಕ್ಕುದಾರರು ಹಲವರು. 1958ರಲ್ಲಿ ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹುಡುಗ ಹಾಯಿಹಲಗೆಯೊಂದನ್ನು ಮಾಡಿಕೊಂಡಿದ್ದ. 1964ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ ಇಂಥದೇ ಸಾಧನವನ್ನು ರೂಪಿಸಿ, 1965ರ ಆಗಸ್ಟ್ ತಿಂಗಳ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯಲ್ಲಿ ಅದರ ವಿವರ ಪ್ರಕಟಿಸಿದರು. ಆದರೆ ಇಂದು ಜಗತ್ತು ಬಲ್ಲ ರೂಪ ಕ್ಯಾಲಿಫೋರ್ನಿಯಾದ ವಿಮಾನ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಅಲೆಸವಾರರಾದ ಹೋಯ್ಲ್ ಶ್ವೈಟ್ಸರ್ ಅವರದು. 1967ರಲ್ಲಿ ಡ್ರೇಕ್ ನೀರಿಗಿಳಿಸಿದ ಮಾದರಿಯಲ್ಲಿ ಕಂಬದ ಬುಡವನ್ನು ಎಲ್ಲ ದಿಕ್ಕಿಗೂ ವಾಲಬಲ್ಲ ಕೀಲಿನಿಂದ ಹಲಗೆಗೆ ಜೋಡಿಸಲಾಗಿತ್ತು. ಮಾಮೂಲಿ ದೋಣಿಯಲ್ಲಿ ಕಂಬ ಗಟ್ಟಿಯಾಗಿ ನಿಂತು, ದಿಕ್ಕು ಬದಲಿಸಲು ಹಿಂದೆ ಚುಕ್ಕಾಣಿ ಬೇಕಾಗುತ್ತದೆ. ಇಲ್ಲಿ ಸವಾರನು ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಮೂತಿ ಗಾಳಿಯಿಂದ ದೂರ ಹೊರಳುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. ಚುಕ್ಕಾಣಿ, ಹಗ್ಗಗಳು, ಕಂಬದ ಆಧಾರತಂತಿಗಳು ಎಲ್ಲವೂ ಹೋಗಿ, ಅವುಗಳ ಕೆಲಸವೆಲ್ಲ ಮನುಷ್ಯನ ಎರಡು ಕೈ, ಎರಡು ಕಾಲು, ಒಂದು ಸೊಂಟದ ಮೇಲೆ ಬಂತು. ಇಬ್ಬರೂ 1968ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿ 1970ರಲ್ಲಿ ಅದನ್ನು ಪಡೆದರು. ಅದನ್ನು ಮುಂದಿಟ್ಟುಕೊಂಡು ಹೂಡಿದ ಮೊಕದ್ದಮೆಯೊಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದಲ್ಲಿ 1985ರಲ್ಲಿ ಬಿದ್ದುಹೋದದ್ದು ಚಿಲ್ವರ್ಸ್ ಬಾಲ್ಯದಲ್ಲಿ ಮಾಡಿದ್ದ ಹಲಗೆಯ ಸಾಕ್ಷ್ಯದಿಂದ. ಆ ಹೊತ್ತಿಗಾಗಲೇ, 1984ರ ಲಾಸ್ ಏಂಜಲೀಸ್ ಕೂಟದಲ್ಲಿ, ಈ ಆಟ ಒಲಿಂಪಿಕ್ಸ್ ಪ್ರವೇಶಿಸಿತ್ತು. ಮಹಿಳೆಯರ ಸ್ಪರ್ಧೆ 1992ರಲ್ಲಿ ಬಂತು.

ಕಲಿಯುವ ಕ್ರಮಕ್ಕೆ ಬಂದರೆ, ಹೊಸಬರಿಗೆ ಕೊಡುವ ಹಲಗೆ ಅಗಲವಾಗಿಯೂ ಸುಮಾರು 200 ಲೀಟರ್ ಗಾತ್ರದ್ದಾಗಿಯೂ ಇರುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ, ಅಂಥ ಹಲಗೆಯು ತನ್ನ ತೂಕವನ್ನೂ ಸೇರಿಸಿ 200 ಕಿಲೋ ಹೊರೆಯನ್ನು ಮುಳುಗದೆ ಹೊರಬಲ್ಲದು. ನಿಂತಲ್ಲೇ ನಿಂತರೂ ತೇಲುವ ಈ ಗುಣವೇ ಆರಂಭದ ಕಲಿಕೆಗೆ ಆಧಾರ. ನೀರಿನಲ್ಲಿ ಮಲಗಿರುವ ಹಾಯಿಯನ್ನು ಹಗ್ಗದಿಂದ ಎಳೆದು ನಿಲ್ಲಿಸುವುದು, ಅಡ್ಡಗಾಳಿಗೆ ಸಾಗುವುದು, ಮೂತಿ ತಿರುಗಿಸಿ ಹೊರಟ ದಡಕ್ಕೇ ಮರಳುವುದು ಇವಿಷ್ಟು ಕೈವಶವಾಗಲು ಬಹಳ ಕಾಲ ಬೇಕಿಲ್ಲ. ಈ ಹಂತದಲ್ಲಿ ಹಲಗೆಯ ನಡುವಿನಿಂದ ನೀರಿಗೆ ಇಳಿಬಿಟ್ಟ ಫಲಕವೊಂದು ಅದು ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಸವಾರನು ನೆಟ್ಟಗೆ ನಿಂತು, ತೋಳುಗಳ ಬಲದಿಂದ ಹಾಯಿಯನ್ನು ಹಿಡಿದಿರುತ್ತಾನೆ. ಹಲಗೆ ಫ್ರೂಡ್‌ರ ಮಿತಿಯೊಳಗೇ ಸಾಗುತ್ತದೆ.

ಮೇಲೇರುವುದಕ್ಕೆ ಬೇಕಾದದ್ದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ನಡವಳಿಕೆ, ಮತ್ತು ಹೆಚ್ಚಿನವರು ತಡವರಿಸುವುದು ಇಲ್ಲಿಯೇ. ಗಾಳಿ ಬಲವಾದಾಗ ಹೊಸಬನ ಮೈ ತಾನಾಗಿ ಹಾಯಿಯನ್ನು ಸಡಿಲಿಸಿ ಬಲವನ್ನು ಹೊರಚೆಲ್ಲುತ್ತದೆ. ಆದರೆ ಆ ಕ್ಷಣದಲ್ಲಿಯೇ ಹಾಯಿಯನ್ನು ಒಳಕ್ಕೆಳೆದು, ಮೂತಿಯನ್ನು ಗಾಳಿಯಿಂದ ಸ್ವಲ್ಪ ದೂರ ಹೊರಳಿಸಿ, ಮೈಯ ಭಾರವನ್ನು ಕಾಲಿನಿಂದ ತೆಗೆದು ಬೂಮಿಗೆ ಒಪ್ಪಿಸಬೇಕು. ಬೂಮ್ ಎಂದರೆ ಹಾಯಿಯ ಎರಡೂ ಬದಿಗೆ ಸುತ್ತಿದ, ಸವಾರನು ಹಿಡಿದುಕೊಳ್ಳುವ ಅಡ್ಡಪಟ್ಟಿ. ಅದಕ್ಕೆ ನೇತುಬಿದ್ದ ಭಾರ ಕಂಬದ ಮೂಲಕ ಬುಡಕ್ಕಿಳಿದು ಹಲಗೆಯ ಮುಂಭಾಗವನ್ನು ಅದುಮಿ ಹಿಡಿಯುವುದರಿಂದ ಹಲಗೆ ಸಮತಟ್ಟಾಗಿ ಉಳಿಯುತ್ತದೆ. ಹಾಗೆ ಮಾಡದೆ ಕಾಲುಗಳನ್ನಷ್ಟೇ ಹಿಂದಕ್ಕೆ ಸರಿಸಿದವನ ಹಲಗೆಯ ಬಾಲ ನೀರಿನಲ್ಲಿ ಹೂತು, ಮೂತಿ ಆಕಾಶ ನೋಡಿ, ವೇಗ ಸತ್ತುಹೋಗುತ್ತದೆ. ಸರಿಯಾಗಿ ಆದಾಗ ಹಲಗೆ ಮೊದಲು ಮೂತಿ ಎತ್ತಿ ತನ್ನ ಅಲೆಯನ್ನು ಹತ್ತುತ್ತದೆ, ನಂತರ ಮೂತಿ ತಗ್ಗಿ ಸಮವಾಗುತ್ತದೆ, ಹಲಗೆಯ ಅಂಚಿನಿಂದ ಸಿಡಿಯುವ ನೀರು ಕಾಲುಗಳನ್ನು ದಾಟಿ ಹಿಂದೆ ಹೋಗುತ್ತದೆ. ಆಗ ನಡುವಿನ ಫಲಕವನ್ನು ಮೇಲಕ್ಕೆ ಮಡಚಬೇಕು, ಏಕೆಂದರೆ ಹೆಚ್ಚಿದ ವೇಗದಲ್ಲಿ ಅದು ಎತ್ತುವ ಬಲವನ್ನು ಉಂಟುಮಾಡಿ ಹಲಗೆಯನ್ನು ಪಕ್ಕಕ್ಕೆ ಮಗುಚುತ್ತದೆ. ಪಕ್ಕದ ಜಾರುವಿಕೆಯನ್ನು ತಡೆಯುವ ಹೊಣೆ ಇನ್ನು ಬಾಲದ ಕೆಳಗಿನ ಸಣ್ಣ ಫಿನ್‌ನದು. ಮುಂದಿನ ಕಾಲನ್ನು ಮೊದಲು, ಹಿಂದಿನ ಕಾಲನ್ನು ಆಮೇಲೆ ಹಲಗೆಯ ಮೇಲಿನ ಪಟ್ಟಿಗಳಿಗೆ ತೂರಿಸುವುದು ಇದಾದ ನಂತರದ ಕೆಲಸ. ವೇಗ ಬರುವ ಮೊದಲೇ ಪಟ್ಟಿಗಳನ್ನು ಹುಡುಕುವುದು ಕಲಿಯುವವರಲ್ಲಿ ಸಾಮಾನ್ಯವಾದ ತಪ್ಪು.

ಇದರ ಜೊತೆಗೆ ಗಾಳಿಯೇ ದಿಕ್ಕು ಬದಲಿಸಿದಂತೆ ತೋರುವ ವಿದ್ಯಮಾನವೊಂದಿದೆ. ಬೀಸುವ ಗಾಳಿ ಪಕ್ಕದಿಂದ ಬಂದರೂ ಸ್ಕೂಟರ್ ಸವಾರನ ಮುಖಕ್ಕೆ ಅದು ಎದುರಿನಿಂದ ಬಡಿಯುವಂತೆ, ಹಲಗೆಯ ವೇಗ ಹೆಚ್ಚಿದಂತೆಲ್ಲ ಹಾಯಿಗೆ ತಾಗುವ ಗಾಳಿ ಮುಂದಿನಿಂದ ಬರತೊಡಗುತ್ತದೆ, ಮತ್ತು ಅದರ ಬಲವೂ ಹೆಚ್ಚುತ್ತದೆ. ಆದ್ದರಿಂದ ಮೇಲೇರಿದ ಮೇಲೆ ಹಾಯಿಯನ್ನು ಮತ್ತಷ್ಟು ಒಳಕ್ಕೆಳೆಯದಿದ್ದರೆ ಗಳಿಸಿದ ವೇಗ ಕೈತಪ್ಪುತ್ತದೆ; ಎಳೆದರೆ, ಮೇಲೇರಲು ಬೇಕಾದದ್ದಕ್ಕಿಂತ ಕಡಿಮೆ ಗಾಳಿಯಲ್ಲಿಯೂ ಮೇಲೆ ಉಳಿಯುವುದು ಸಾಧ್ಯ. ಹಾಗಾಗಿ ಒಂದೇ ಒಂದು ಬಲವಾದ ಬೀಸು ಕೂಡ ಕಲಿಯುವವನಿಗೆ ಅಮೂಲ್ಯ. ಅದು ಬರುವ ಕ್ಷಣಕ್ಕೆ ಸಿದ್ಧನಾಗಿರಬೇಕು, ಬಂದ ಮೇಲೆ ಅದು ಹೋದರೂ ಮುಂದುವರಿಯಲು ಎದುರಿಗೆ ನೀರು ಇರಬೇಕು. ಈ ಕೊನೆಯ ಅಗತ್ಯ ಬೆಂಗಳೂರಿನಂಥ ಊರಿನಲ್ಲಿ ಎಷ್ಟು ದೊಡ್ಡದೆಂಬುದು ಮುಂದೆ ಕಾಣುತ್ತದೆ.

ಸಾಧನಗಳಲ್ಲಿ ಆದ ಬದಲಾವಣೆಗಳೂ ಈ ಕಲಿಕೆಯ ಸ್ವರೂಪವನ್ನೇ ತಿದ್ದಿದವು. ಕಾಲುಪಟ್ಟಿಗಳು 1970ರ ದಶಕದ ಕೊನೆಯಲ್ಲಿ ಹವಾಯಿಯ ಸವಾರರಿಂದ ಬಂದವು. ಸೊಂಟಕ್ಕೆ ಕಟ್ಟಿದ ಕೊಕ್ಕೆಯನ್ನು ಬೂಮಿನ ಹಗ್ಗಕ್ಕೆ ಸಿಕ್ಕಿಸುವ ಹಾರ್ನೆಸ್ ತೋಳುಗಳ ದಣಿವನ್ನು ತಪ್ಪಿಸಿತು. 1980ರ ದಶಕದಲ್ಲಿ ಹಲಗೆಗಳು ಗಿಡ್ಡವಾದವು. 2000ದ ಆಸುಪಾಸಿನಲ್ಲಿ ಅವು ಗಿಡ್ಡವಾಗಿಯೇ ಉಳಿದು ಬಹಳ ಅಗಲವಾದವು, ಮತ್ತು ಆ ಅಗಲದ ವಿನ್ಯಾಸಗಳ ಹಿಂದೆ ಮತ್ತೆ ಜಿಮ್ ಡ್ರೇಕ್ ಇದ್ದರು. ಅಗಲವಾದ ತಳ ಕಡಿಮೆ ವೇಗದಲ್ಲಿಯೇ ಮೇಲೇಳುವುದರಿಂದ, ಸಾಮಾನ್ಯ ಹಲಗೆ 12ರಿಂದ 15 ನಾಟ್ ಗಾಳಿ ಬೇಡುವಲ್ಲಿ ಇವಕ್ಕೆ ದೊಡ್ಡ ಹಾಯಿಯೊಡನೆ ಇನ್ನೂ ಮೆದುವಾದ ಗಾಳಿ ಸಾಕಾಯಿತು. ಒಳನಾಡಿನ ನೀರುಗಳಲ್ಲಿ ಕಲಿಯುವವರ ಮಟ್ಟಿಗೆ ಇದು ಕಂಬದ ಕೀಲಿನಷ್ಟೇ ಮಹತ್ವದ ಬದಲಾವಣೆ.

ಕನ್ನಡನಾಡಿನಲ್ಲಿ ಹಾಯಿಯ ಅನುಭವ ಹಳೆಯದು, ಆದರೆ ಅದು ಕರಾವಳಿಯದು. ಬಸರೂರು, ಭಟ್ಕಳ, ಹೊನ್ನಾವರ, ಮಿರ್ಜಾನಗಳ ವ್ಯಾಪಾರ ನಡೆದದ್ದು ಮುಂಗಾರಿನ ಗಾಳಿಯ ತಿರುವುಗಳನ್ನು ನೆಚ್ಚಿದ ಹಾಯಿಹಡಗುಗಳಿಂದ. ಘಟ್ಟದ ಮೇಲಿನ ನೀರಿನ ಮಾತು ಬೇರೆ. ತುಂಗಭದ್ರೆ, ಕಾವೇರಿಗಳು ಬಂಡೆಗಳ ನಡುವೆ ಹರಿಯುವ, ಬೇಸಿಗೆಯಲ್ಲಿ ಬಡಕಲಾಗುವ ಹೊಳೆಗಳಾದುದರಿಂದ ಅಲ್ಲಿನ ಅಂಬಿಗರು ಹರಿಗೋಲು, ತೆಪ್ಪಗಳನ್ನು ಹುಟ್ಟು ಮತ್ತು ಗಳುಗಳಿಂದ ನಡೆಸಿದರು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿ ಮಾಡುತ್ತಿದ್ದ ಹರಿಗೋಲು ದುಂಡಗಿನದು. ಅದಕ್ಕೆ ಮುಂದು ಹಿಂದುಗಳಿಲ್ಲ, ಬಂಡೆಗೆ ತಾಗಿದರೆ ತಿರುಗಿ ಪಾರಾಗುತ್ತದೆ, ಹೆಚ್ಚು ಹೊರೆ ಹೊರುತ್ತದೆ. ಹೊಳೆ ದಾಟುವ ಕೆಲಸಕ್ಕೆ ಅದಕ್ಕಿಂತ ಒಪ್ಪುವ ಸಾಧನವಿಲ್ಲ. ಆದರೆ ವೇಗ ಅದರ ಗುರಿಯಲ್ಲ, ಗಾಳಿ ಅದರ ಬಲವಲ್ಲ. ಹಾಗಾಗಿ ಪ್ರಸ್ಥಭೂಮಿಯ ಜನಕ್ಕೆ ನೀರಿನ ಮೇಲೆ ಹಾಯಿ ಎತ್ತುವುದು ಇಪ್ಪತ್ತನೆಯ ಶತಮಾನದಲ್ಲಿ, ಹೊರಗಿನಿಂದ, ಕ್ರೀಡೆಯಾಗಿ ಬಂದ ವಿದ್ಯೆ.

ಗಾಳಿಯ ಕೊರತೆ ಇಲ್ಲಿಲ್ಲ. ಮುಂಗಾರು ಗಟ್ಟಿಗೊಂಡ ಆಷಾಢದಲ್ಲಿ ಪಡುವಣ ಗಾಳಿ ಘಟ್ಟವನ್ನು ದಾಟಿ, ಮಳೆಯನ್ನು ಮಲೆನಾಡಿನಲ್ಲಿ ಇಳಿಸಿ, ಬಯಲುಸೀಮೆಯ ಮೇಲೆ ದಿನಗಟ್ಟಲೆ ಬೀಸುತ್ತದೆ. ದೊಡ್ಡಬಳ್ಳಾಪುರದ ಗಾಳಿಪಟದ ಸ್ಪರ್ಧೆ ಆ ತಿಂಗಳಲ್ಲಿ ನಡೆಯುವುದಕ್ಕೂ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿದ್ದಕ್ಕೂ ಇದೇ ಕಾರಣ. ಆದರೆ ಎರಡು ತೊಡಕುಗಳಿವೆ. ಮೊದಲನೆಯದು ಎತ್ತರ: 900 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಹತ್ತನೆಯ ಒಂದಂಶದಷ್ಟು ಕಡಿಮೆಯಿರುವುದರಿಂದ, ಅದೇ ವೇಗದ ಗಾಳಿ ಅದೇ ಹಾಯಿಯನ್ನು ಅಷ್ಟರಮಟ್ಟಿಗೆ ಕಡಿಮೆ ಬಲದಿಂದ ತಳ್ಳುತ್ತದೆ. ಎರಡನೆಯದು ಹೆಚ್ಚು ಗಂಭೀರ. ಹಾಯಿಯ ಮೇಲಿನ ಬಲ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 10 ನಾಟ್ 14 ಆದರೆ ಬಲ ಇಮ್ಮಡಿಯಾಗುತ್ತದೆ, 14 ನಾಟ್ 10ಕ್ಕೆ ಇಳಿದರೆ ಅರ್ಧವಾಗುತ್ತದೆ. ಕಟ್ಟಡ, ತೋಪು, ದಿಬ್ಬಗಳು ಗಾಳಿಯನ್ನು ಕಲಕಿ ಇಂಥ ಏರಿಳಿತಗಳನ್ನು ಹುಟ್ಟಿಸುತ್ತವೆ, ಮತ್ತು ಒಂದು ಅಡ್ಡಿಯ ಪರಿಣಾಮ ಅದರ ಎತ್ತರದ ಹತ್ತಾರು ಪಟ್ಟು ದೂರದವರೆಗೆ ಇರುತ್ತದೆ. ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆಯ ವಿಸ್ತೀರ್ಣ ಸುಮಾರು 37 ಎಕರೆ. ಅದನ್ನು ಚೌಕವೆಂದು ಭಾವಿಸಿದರೆ ಒಂದು ಬದಿ 400 ಮೀಟರಿಗೂ ಕಡಿಮೆ. ಮೇಲೇರಿದ ಹಲಗೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಆ ದೂರವನ್ನು ಒಂದು ನಿಮಿಷದೊಳಗೆ ಮುಗಿಸುತ್ತದೆ, ಮತ್ತು ದಡದ ನಾಲ್ಕು ಅಂತಸ್ತಿನ ಮನೆಗಳ ಹಿಂದಿನ ಕಲಕಿದ ಗಾಳಿ ಕೆರೆಯ ಅರ್ಧವನ್ನು ಆವರಿಸಿರುತ್ತದೆ. ಊರೊಳಗಿನ ಕೆರೆಗಳಲ್ಲಿ ಹಾಯಿ ಹಿಡಿದು ನಿಲ್ಲುವುದನ್ನು ಕಲಿಯಬಹುದು. ಮೇಲೇರುವುದನ್ನು ಕಲಿಯಲು ಬಯಲಿನ ನಡುವಿನ ದೊಡ್ಡ ನೀರು ಬೇಕು.

ನಗರದ ಪಶ್ಚಿಮ ಭಾಗದ ಬಡಾವಣೆಗಳಿಗೆ ಅಂಥ ಹತ್ತಿರದ ನೀರು ಹೆಸರಘಟ್ಟದ್ದಾಗಿತ್ತು. ಮೂಡಲಪಾಳ್ಯ, ವಿಜಯನಗರ, ರಾಜಾಜಿನಗರಗಳಿಂದ ತುಮಕೂರು ರಸ್ತೆ ಹಿಡಿದು, ದಾಸರಹಳ್ಳಿಯ ಎಂಟನೇ ಮೈಲಿಯಲ್ಲಿ ಬಲಕ್ಕೆ ಹೊರಳಿ, ಚಿಕ್ಕಬಾಣಾವರ, ಸೋಲದೇವನಹಳ್ಳಿಗಳನ್ನು ದಾಟಿದರೆ ಸಿಗುವ ಈ ಜಲಾಶಯವನ್ನು, ನಂದಿಬೆಟ್ಟದ ಕಡೆಯಿಂದ ಹರಿದುಬರುವ ಅರ್ಕಾವತಿಗೆ ಅಡ್ಡಲಾಗಿ 1890ರ ದಶಕದ ನಡುವಿನಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಚಾಮರಾಜೇಂದ್ರ ಜಲಕಾಮಗಾರಿಯ ಅಂಗವಾಗಿ ಸಿದ್ಧಗೊಳಿಸಲಾಯಿತು. ನೀರು ಕಾಲುವೆಯಲ್ಲಿ ತಾನಾಗಿ ಇಳಿದು ಸೋಲದೇವನಹಳ್ಳಿಯತ್ತ ಬಂದು, ಅಲ್ಲಿಂದ ಉಗಿಯಂತ್ರಗಳ ಬಲದಿಂದ ಮಲ್ಲೇಶ್ವರದ ಎತ್ತರಕ್ಕೆ ಏರಿ, ಊರಿಗೆ ಹಂಚಿಕೆಯಾಗುತ್ತಿತ್ತು. ಬೆಂಗಳೂರಿಗೆ ಕೊಳವೆ ನೀರು ಬಂದದ್ದು ಹೀಗೆ, 1896ರಲ್ಲಿ. ದೂರದ ನೀರು ಮನೆಬಾಗಿಲಿಗೆ ಬಂದ ಮೇಲೆ ಊರೊಳಗಿನ ಕೆರೆಗಳ ಮೇಲಿನ ಅವಲಂಬನೆ ಕುಗ್ಗಿತು. ಧರ್ಮಾಂಬುಧಿ ಬತ್ತಿ ಕೊನೆಗೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಬಯಲಿನ ದೊಡ್ಡ ನೀರು ಹುಟ್ಟಿದ್ದೂ ಊರ ನಡುವಿನ ನೀರು ಅಳಿದದ್ದೂ ಒಂದೇ ಕಾಮಗಾರಿಯ ಎರಡು ಫಲಗಳೆಂಬುದನ್ನು ಬೆಂಗಳೂರಿನ ಚರಿತ್ರೆ ಬರೆಯುವವರು ಇನ್ನೂ ಹೆಚ್ಚು ಗಮನಿಸಬೇಕಾಗಿದೆ.

ಸಾವಿರ ಎಕರೆಗೂ ಹೆಚ್ಚು ಹರಹಿನ, ಸುತ್ತ ಹುಲ್ಲುಗಾವಲಿರುವ, ಅಡ್ಡಿಯಿಲ್ಲದ ಪಡುವಣ ಗಾಳಿಗೆ ಮೈಯೊಡ್ಡಿದ ಹೆಸರಘಟ್ಟ ಮೇಲೆ ಹೇಳಿದ ಎಲ್ಲ ಅಗತ್ಯಗಳನ್ನೂ ಪೂರೈಸುತ್ತಿತ್ತು. ಬೆಂಗಳೂರಿನ ಸುತ್ತಲಿನ ವಿಹಾರಸ್ಥಳಗಳನ್ನು ಪರಿಚಯಿಸುವ ಪ್ರವಾಸಿ ಕೈಪಿಡಿಗಳು, ಅಲ್ಲಿನ ಹೈನುಗಾರಿಕೆ ಮತ್ತು ತೋಟಗಾರಿಕೆಯ ಕ್ಷೇತ್ರಗಳ ಜೊತೆಗೆ, ಅದನ್ನು ದೋಣಿವಿಹಾರಕ್ಕೂ ವಿಂಡ್‌ಸರ್ಫಿಂಗ್‌ಗೂ ಅನುಕೂಲವಿರುವ ಕೆರೆಯೆಂದು ವರ್ಣಿಸುತ್ತಿದ್ದವು. ಆ ಸಾಲು ಕೈಪಿಡಿಯಿಂದ ಕೈಪಿಡಿಗೆ ನಕಲಾಗುತ್ತ, ಕೆರೆಯಲ್ಲಿ ನೀರು ಇಲ್ಲವಾದ ಮೇಲೂ ಉಳಿದುಕೊಂಡಿತು. ಹೆಸರಘಟ್ಟ ಸಾಲದಾದಾಗ ಅದೇ ಅರ್ಕಾವತಿಗೆ, ಕುಮುದ್ವತಿ ಕೂಡುವಲ್ಲಿ, 1933ರಲ್ಲಿ ಚಾಮರಾಜಸಾಗರ ಅಥವಾ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ನಗರದ ಪಶ್ಚಿಮ ಭಾಗ ದೀರ್ಘಕಾಲ ಕುಡಿದದ್ದು ಅದರ ನೀರನ್ನು. 1974ರಲ್ಲಿ ಕಾವೇರಿಯಿಂದ ನಗರಕ್ಕೆ ನೀರು ತರುವ ಯೋಜನೆಯ ಮೊದಲ ಹಂತ ಮುಗಿದ ಮೇಲೆ ಈ ಹಳೆಯ ಆಸರೆಗಳು ಮೆಲ್ಲಗೆ ಹಿಂದೆ ಸರಿದವು, ಮತ್ತು 1990ರ ದಶಕದ ಹೊತ್ತಿಗೆ ಹೆಸರಘಟ್ಟದ ಒಡಲು ವರ್ಷದ ಹೆಚ್ಚಿನ ಭಾಗ ದನ ಮೇಯುವ ಬಯಲಾಯಿತು.

ಅರ್ಕಾವತಿ ಏಕೆ ಬತ್ತಿತು ಎಂಬ ಪ್ರಶ್ನೆಯನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಕ್ರಮಬದ್ಧವಾಗಿ ಕೈಗೆತ್ತಿಕೊಂಡರು. ತಿಪ್ಪಗೊಂಡನಹಳ್ಳಿಯ ಮೇಲಿನ ಜಲಾನಯನ ಪ್ರದೇಶವನ್ನು ಕುರಿತು ಅವರು 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಹೊಳೆಯ ಹರಿವು ಕುಸಿದದ್ದಕ್ಕೆ ಮಳೆಯ ಕೊರತೆ ಮುಖ್ಯ ಕಾರಣವಲ್ಲವೆಂದೂ, ಕೊಳವೆಬಾವಿಗಳಿಂದ ಅಂತರ್ಜಲವನ್ನು ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ಹಬ್ಬಿದ್ದು ಹೆಚ್ಚಿನ ಪಾಲು ವಹಿಸಿವೆಯೆಂದೂ ತೋರಿಸಿತು. ಈ ತೀರ್ಮಾನ ಮುಖ್ಯವಾದದ್ದು, ಏಕೆಂದರೆ ಆಕಾಶದ ಮೇಲೆ ಹೊರಿಸುತ್ತಿದ್ದ ಹೊಣೆಯನ್ನು ಅದು ನೆಲಕ್ಕೆ ಇಳಿಸಿತು. ಮೂಡಲಪಾಳ್ಯದ ಚರಂಡಿ ನೀರನ್ನು ಒಯ್ಯುವ ವೃಷಭಾವತಿಯೂ ಕೊನೆಗೆ ಸೇರುವುದು ಅರ್ಕಾವತಿಯನ್ನೇ. ಹೀಗೆ ನಗರದ ಈ ಭಾಗವು ಒಂದು ನದಿಯ ಮೇಲುಹರಿವಿನಿಂದ ಕುಡಿದು, ಕೆಳಹರಿವಿಗೆ ಕೊಳೆ ಸುರಿದು, ನಡುವೆ ಅದರ ಮೇಲೆ ಹಾಯಿ ಎತ್ತುವ ಅವಕಾಶವನ್ನೂ ಕಳೆದುಕೊಂಡಿತು.

ಹಾಯಿಯ ವಿದ್ಯೆ ನಗರದಲ್ಲಿ ಅಳಿಯದೆ ಉಳಿದದ್ದು ಮುಖ್ಯವಾಗಿ ಸೈನ್ಯದ ಆಶ್ರಯದಲ್ಲಿ. ಹಲಸೂರು ಕೆರೆಯ ಬಳಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಆ ಕೆರೆಯಲ್ಲಿ ಹಾಯಿದೋಣಿಗಳ ಅಭ್ಯಾಸವನ್ನು ನಡೆಸಿಕೊಂಡು ಬಂದರು. ಸೈನ್ಯದ ಎಂಜಿನಿಯರ್ ದಳಕ್ಕೂ ಹಾಯಿಗೂ ಇರುವ ನಂಟಿಗೆ ದೊಡ್ಡ ಗುರುತು ‘ತೃಷ್ಣಾ’ ಎಂಬ 37 ಅಡಿಯ ಹಾಯಿನೌಕೆ. ಆ ದಳದ ತಂಡವೊಂದು 1985ರಲ್ಲಿ ಮುಂಬಯಿಯಿಂದ ಹೊರಟು 1987ರ ಜನವರಿಯಲ್ಲಿ ಅಲ್ಲಿಗೇ ಮರಳಿ, ಹಾಯಿಯಿಂದ ಭೂಮಿಯನ್ನು ಸುತ್ತಿದ ಮೊದಲ ಭಾರತೀಯ ಯಾನವನ್ನು ಮುಗಿಸಿತು. ಬೆಂಗಳೂರಿನ ತೃಷ್ಣಾ ಸೇಲಿಂಗ್ ಕ್ಲಬ್ ಅದೇ ಹೆಸರನ್ನು ಹೊತ್ತಿದೆ. ಹಲಸೂರು ಕೆರೆ ಸುಮಾರು 120 ಎಕರೆಯದು, ದ್ವೀಪಗಳಿಂದಲೂ ಮರಗಳಿಂದಲೂ ಕೂಡಿದ್ದು. ದೋಣಿ ತಿರುಗಿಸುವ ಕೌಶಲಕ್ಕೆ ಅದು ಒಳ್ಳೆಯ ಗರಡಿ, ವೇಗಕ್ಕೆ ಅಲ್ಲ. ಆದ್ದರಿಂದ ರಾಷ್ಟ್ರಮಟ್ಟದ ಸ್ಪರ್ಧೆಗಳು ಕೃಷ್ಣರಾಜಸಾಗರದ ಹಿನ್ನೀರಿಗೆ ಹೋದವು, ಮತ್ತು ಅಲ್ಲಿ ರಾಯಲ್ ಮೈಸೂರ್ ಸೇಲಿಂಗ್ ಕ್ಲಬ್ ಕೂಡ ಹಾಯಿಯನ್ನು ಕಲಿಸುತ್ತ ಬಂದಿದೆ. 1911ರಲ್ಲಿ ಕಟ್ಟತೊಡಗಿದ ಈ ಅಣೆಕಟ್ಟು ಮಂಡ್ಯದ ಗದ್ದೆಗಳಿಗೆ ನೀರುಣಿಸುವುದಕ್ಕೂ ಶಿವನಸಮುದ್ರದ ವಿದ್ಯುದಾಗಾರಕ್ಕೆ ಬೇಸಿಗೆಯಲ್ಲಿ ನೀರು ತಪ್ಪದಂತೆ ನೋಡಿಕೊಳ್ಳುವುದಕ್ಕೂ ಹುಟ್ಟಿದ್ದು. ಅದರ ನೀರು 124.80 ಅಡಿಯ ಪೂರ್ಣಮಟ್ಟದತ್ತ ಏರುವ ತಿಂಗಳುಗಳೂ ಪಡುವಣ ಗಾಳಿ ಬಲವಾಗಿ ಬೀಸುವ ತಿಂಗಳುಗಳೂ ಒಂದೇ ಆಗಿರುವುದು ಹಾಯಿಗೆ ಒದಗಿದ ಭಾಗ್ಯ.

ಮಲೆನಾಡಿನಲ್ಲಿ ಸಾಗರದ ಬಳಿಯ ಹೊನ್ನೆಮರಡು ಇಂಥದೇ ಇನ್ನೊಂದು ನೆಲೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದಡದ ಈ ಊರಿನಲ್ಲಿ ದೋಣಿ, ಹರಿಗೋಲುಗಳ ಜೊತೆಗೆ ವಿಂಡ್‌ಸರ್ಫಿಂಗ್ ಕಲಿಸುವ ಶಿಬಿರಗಳು ನಡೆದಿವೆ, ಬೆಂಗಳೂರಿನ ಎಷ್ಟೋ ಮಂದಿಗೆ ಹಾಯಿಯ ಮೊದಲ ಪಾಠ ಅಲ್ಲಿ ಆಗಿದೆ. ಆ ನೀರಿನ ಕೆಳಗೆ ಶರಾವತಿ ಕಣಿವೆಯ ಊರುಗಳಿವೆ. ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ದಾಖಲಿಸಿದ್ದು ಹೀಗೆ ಮುಳುಗಿದ ಬದುಕುಗಳನ್ನು. ಕೃಷ್ಣರಾಜಸಾಗರದ ಅಡಿಯಲ್ಲಿಯೂ ಹಳೆಯ ಕನ್ನಂಬಾಡಿ ಇದೆ. ಒಳನಾಡಿನಲ್ಲಿ ಹಲಗೆ ಮೇಲೇರಲು ಬೇಕಾದ ಹರಹು ಒದಗಿದ್ದು ಯಾರೋ ಮನೆ ಹೊಲ ಬಿಟ್ಟು ಎದ್ದುಹೋದುದರಿಂದ. ಈ ಆಟದ ಚರಿತ್ರೆ ಬರೆಯುವವರು ಅದನ್ನು ಅಡಿಟಿಪ್ಪಣಿಗೆ ತಳ್ಳಬಾರದು. ಕರಾವಳಿಯ ಕಥೆ ಇದಕ್ಕಿಂತ ಸರಳ: ಮೂಲ್ಕಿಯಲ್ಲಿ 2004ರಿಂದ ಬೆಳೆದ ಅಲೆಸವಾರಿಯ ಶಾಲೆಯ ವಿದ್ಯಾರ್ಥಿಗಳು ಹಾಯಿಯಿಲ್ಲದೆ, ಅಲೆಯ ಇಳಿಜಾರಿನ ಬಲದಿಂದಲೇ ಹಲಗೆಯನ್ನು ಮೇಲೇರಿಸುತ್ತಾರೆ.

ಎರವಲು ನೀರನ್ನು ಉಳಿಸಿಕೊಂಡ ಊರುಗಳು ಏನು ಪಡೆದವೆಂಬುದಕ್ಕೆ ದೂರ ಹೋಗಬೇಕಿಲ್ಲ. ಹದಿನಾರನೆಯ ಶತಮಾನದಲ್ಲಿ ಕುತುಬ್‌ಶಾಹಿಗಳು ಕಟ್ಟಿಸಿದ ಹುಸೇನ್‌ಸಾಗರ ಇಂದು ಹೈದರಾಬಾದಿನ ವಾರ್ಷಿಕ ಹಾಯಿಸ್ಪರ್ಧೆಗಳ ನೆಲೆ; ಭೋಜರಾಜನ ಕಾಲದ್ದೆಂದು ಪರಂಪರೆ ಹೇಳುವ ಭೋಪಾಲದ ದೊಡ್ಡ ಕೆರೆಯಲ್ಲಿ ಕಲಿತ ನೇಹಾ ಠಾಕೂರ್, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಬಾಲಕಿಯರ ಹಾಯಿದೋಣಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಅದೇ ಕೂಟದ ವಿಂಡ್‌ಸರ್ಫಿಂಗ್‌ನಲ್ಲಿ ಇಬಾದ್ ಅಲಿ ಪುರುಷರ ವಿಭಾಗದ ಕಂಚನ್ನು ಭಾರತಕ್ಕೆ ತಂದರು. ಅವರು ಬಳಸಿದ ಆರ್‌ಎಸ್:ಎಕ್ಸ್ ಹಲಗೆ ಆ ವೇಳೆಗೆ ಒಲಿಂಪಿಕ್ಸ್‌ನಿಂದ ಹೊರಬಿದ್ದಿತ್ತು. 2024ರ ಪ್ಯಾರಿಸ್ ಕೂಟಕ್ಕೆ ಬಂದದ್ದು ಐಕ್ಯೂಫಾಯಿಲ್. ಇದರಲ್ಲಿ ಹಲಗೆಯ ಕೆಳಗೆ ಒಂದು ಮೀಟರಿನಷ್ಟು ಉದ್ದದ ಕಂಬವೂ ಅದರ ತುದಿಗೆ ವಿಮಾನದ್ದನ್ನು ಹೋಲುವ ಸಣ್ಣ ರೆಕ್ಕೆಗಳೂ ಇದ್ದು, ವೇಗ ಬಂದೊಡನೆ ಹಲಗೆ ನೀರಿನ ಮೇಲೆ ಜಾರುವುದನ್ನೂ ಬಿಟ್ಟು ಪೂರ್ತಿಯಾಗಿ ಮೇಲೆದ್ದು ಹಾರುತ್ತದೆ. ಬೀಸಿ ನಿಲ್ಲುವ ಒಳನಾಡಿನ ಗಾಳಿಗೆ ಇದಕ್ಕಿಂತ ಹೊಂದುವ ಸಾಧನ ಹಿಂದೆ ಬಂದಿರಲಿಲ್ಲ, ಏಕೆಂದರೆ ಪ್ಲೇನಿಂಗ್‌ಗೆ ಸಾಲದ ಮೆದು ಗಾಳಿಯಲ್ಲಿಯೂ ಇದು ಏಳಬಲ್ಲದು. ಆದರೆ ಇದಕ್ಕೆ ಹರಹಿನ ಜೊತೆಗೆ ಆಳವೂ ಬೇಕು, ಮತ್ತು ಕಂಬಕ್ಕೆ ಕಳೆ ತೊಡರಿದರೆ ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಹೂಳು ತುಂಬಿದ, ಜಲಕಳೆ ಹಬ್ಬಿದ ಬೆಂಗಳೂರಿನ ಕೆರೆಗಳಲ್ಲಿ ಒಂದು ಮೀಟರ್ ಕಂಬ ತಳಕ್ಕೆ ತಾಗದೆ ಸಾಗುವಷ್ಟು ತಿಳಿನೀರು ಇರುವ ಜಾಗಗಳು ಕೆಲವೇ. ಹೆಸರಘಟ್ಟದ ಅಂಗಳಕ್ಕೆ 2022ರ ಭಾರಿ ಮಳೆಗಾಲದಲ್ಲಿ ಹಲವು ವರ್ಷಗಳ ನಂತರ ನೀರು ಬಂದಾಗ ಜನ ಗುಂಪುಗಟ್ಟಿ ನೋಡಲು ಹೋದರು. ಅಲ್ಲಿನ ಹುಲ್ಲುಗಾವಲು ಇಂದು ಅಪರೂಪದ ಹಕ್ಕಿಗಳ ನೆಲೆಯೂ ಆಗಿರುವುದರಿಂದ, ಆ ನೀರು ನಿಲ್ಲುವಂತಾದರೆ ಅದನ್ನು ಕುಡಿಯುವ ನೀರಿಗೆ, ಹಕ್ಕಿಗಳಿಗೆ, ಹಾಯಿಗೆ ಯಾವ ಕ್ರಮದಲ್ಲಿ ಹಂಚಬೇಕೆಂಬುದನ್ನು ಊರು ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ.